ಹನ್ನೊಂದು ಚುಕ್ಕಿ ಕಡಿಮೆ

“ಮುಟ್ಟಿ ನೋಡಿ ಗೂಡಮ್ಮ. ಈಗ ತಣ್ಣಗಿದೆ, ಸುಡಲ್ಲ,” ಎಂದರು ಬೂದಿ ಮೇಡಂ.

ಗೂಡಮ್ಮ ಮುಟ್ಟಲಿಲ್ಲ. ಎರಡೂ ಕೈಗಳನ್ನು ಏಪ್ರನ್ನಿನ ಜೇಬಿನಲ್ಲಿ ಹುದುಗಿಸಿಕೊಂಡು, ಏಳು ತಿಂಗಳು ಕೂತು ತಾವೇ ತುಂಬಿದ ಕವಚವನ್ನು, ಜಗಳವಾಡಿಕೊಂಡು ಮನೆ ಬಿಟ್ಟುಹೋಗಿ ಹಿಂತಿರುಗಿದವರನ್ನು ನೋಡುವ ಹಾಗೆ ನೋಡುತ್ತ ನಿಂತಿದ್ದರು.

ಶೆಡ್ಡಿನ ನಡುವೆ, ಮೂರು ಕಾಲಿನ ಕಬ್ಬಿಣದ ಪೀಠದ ಮೇಲೆ, ಕವಚ ಬೋರಲು ಹಾಕಿದ ದೊಡ್ಡ ಬಾಣಲೆಯ ಹಾಗೆ ಕೂತಿತ್ತು. ಹನ್ನೆರಡು ಅಡಿ ಅಗಲ, ಮೈಯೆಲ್ಲ ಕಪ್ಪು. ಒಂಬತ್ತು ದಿನಗಳ ಹಿಂದೆ ಒಂದು ನೌಕೆಯ ತಳಕ್ಕೆ ಅಂಟಿಕೊಂಡು, ಅದನ್ನು ಬೆಂಕಿಯಿಂದ ಕಾಯುತ್ತ ಆಕಾಶದಿಂದ ಇಳಿದು ಬಂದಿತ್ತು. ನೌಕೆಯಲ್ಲಿ ಮನುಷ್ಯರಿರಲಿಲ್ಲ. ನೌಕೆ ಉಳಿಯಿತು. ಕವಚದಲ್ಲಿ ಮಾತ್ರ, ಅರವತ್ತೊಂದನೇ ಸಾಲಿನಲ್ಲಿ, ಹೆಬ್ಬೆರಳು ಪೂರ್ತಿ ಮುಳುಗುವಂಥ ಒಂದು ಗುಳಿ ಬಿದ್ದಿತ್ತು.

ವಿಚಾರಣಾ ಸಮಿತಿ ತಲೆ ಕೆಡಿಸಿಕೊಳ್ಳಲೇ ಇಲ್ಲ. ಆ ಜಾಗದ ಗೂಡನ್ನು ತುಂಬದೆ ಬಿಡಲಾಗಿತ್ತು ಎಂದು ಒಂದೇ ವಾಕ್ಯದಲ್ಲಿ ಬರೆದು ಮುಗಿಸಿತು. ಇವತ್ತು ಸಂಜೆ ಐದಕ್ಕೆ ವರದಿಗೆ ಸಹಿ. ಸಹಿ ಬಿದ್ದರೆ ಗೂಡಮ್ಮ ಮನೆಗೆ, ಇದೇ ಮಾದರಿಯ ಎರಡನೇ ನೌಕೆ ಆಕಾಶಕ್ಕೆ. ಈ ಸಲ ಒಳಗೆ ಇಬ್ಬರು ಮನುಷ್ಯರು.

ಈಗ ಗಂಟೆ ಒಂದೂವರೆ.

“ಖಾಲಿ ಬಿಟ್ಟಿದ್ರಾ?” ಬೂದಿ ಮೇಡಂ ನೇರವಾಗಿಯೇ ಕೇಳಿದರು.

“ನಲವತ್ತೆರಡು ಸಾವಿರದ ಮುನ್ನೂರ ಹದಿನಾರು ಗೂಡು ಮೇಡಂ ಇದರಲ್ಲಿ. ಜೇನುಗೂಡಿನ ಹಾಗೆ, ಒಂದೊಂದೂ ಬೆರಳಿನ ತುದಿಯಷ್ಟು. ಗನ್ ಹಿಡಿದು ಒಂದೊಂದಕ್ಕೂ ಶಾಖ ತಡೆಯೋ ಪೇಸ್ಟ್ ತುಂಬಬೇಕು. ತುಂಬಿದ ಮೇಲೆ ಮರದ ಕಡ್ಡೀಲಿ ತಟ್ಟಬೇಕು. ಒಳಗೆ ಒಂದು ಸಾಸಿವೆಯಷ್ಟು ಗಾಳಿ ಉಳಿದ್ರೂ ಟೊಳ್ಳು ಸದ್ದು ಬರುತ್ತೆ. ಬಂದ್ರೆ ತೋಡಿ ತೆಗೆದು ಮತ್ತೆ ತುಂಬ್ತೀನಿ.” ಗೂಡಮ್ಮ ಒಂದೇ ಉಸಿರಿಗೆ ಹೇಳಿದರು. “ಇಪ್ಪತ್ತಾರು ವರ್ಷ ಆಯ್ತು. ಇದನ್ನ ಬಿಟ್ಟು, ನಾನು ತುಂಬಿದ ಕವಚ ಹೊತ್ಕೊಂಡು ಮೂವತ್ತೊಂದು ನೌಕೆ ಇಳಿದು ಬಂದಿವೆ. ಖಾಲಿ ಬಿಟ್ಟಿದ್ರಾ ಅಂತ ಇಲ್ಲೀವರೆಗೆ ಯಾರೂ ಕೇಳಿರ್ಲಿಲ್ಲ. ನೀವು ಕೇಳಿದ್ರಿ, ಅದಕ್ಕೆ ಹೇಳ್ದೆ.”

ಹೇಳುವಾಗ ಅವರ ಕುತ್ತಿಗೆ ನೆಟ್ಟಗಾಗಿತ್ತು. ಬೂದಿ ಮೇಡಂಗೆ ಅದು ಬಹಳ ಹಿಡಿಸಿತು. ತಪ್ಪು ಮಾಡಿದವರು ಸಾಮಾನ್ಯವಾಗಿ ಕಾರಣ ಹೇಳುತ್ತಾರೆ, ಈಕೆ ಲೆಕ್ಕ ಹೇಳಿದ್ದರು.

ಬೂದಿ ಮೇಡಂ ಎಂಬುದು ಅವರ ಹುಟ್ಟುಹೆಸರಲ್ಲ ಎಂದು ಬೇರೆ ಹೇಳಬೇಕಿಲ್ಲ. ಅಗ್ನಿಶಾಮಕ ದಳದಲ್ಲಿ ಇಪ್ಪತ್ತೆಂಟು ವರ್ಷ ಸುಟ್ಟ ಗೋದಾಮು, ಸುಟ್ಟ ಸಿನಿಮಾ ಹಾಲು, ಸುಟ್ಟ ಹಗ್ಗದ ಕಾರ್ಖಾನೆಗಳ ಬೂದಿ ಕೆದಕಿ ಬೆಂಕಿ ಹಚ್ಚಿದವರನ್ನು ಹಿಡಿದುಕೊಟ್ಟ ಹೆಂಗಸು ಅವರು. ಕಾರ್ಮಿಕರ ಸಂಘ ಹೊರಗಿನವರೊಬ್ಬರು ತನಿಖೆ ಮಾಡಬೇಕೆಂದು ಪಟ್ಟು ಹಿಡಿದಾಗ ಸಮಿತಿ ಖುಷಿಯಿಂದಲೇ ಇವರನ್ನು ಒಪ್ಪಿಕೊಂಡಿತ್ತು. ರಾಕೆಟ್ಟಿನ ಗಂಧಗಾಳಿ ಗೊತ್ತಿಲ್ಲದವರು ಏನು ಮಹಾ ಕಂಡುಹಿಡಿದಾರು ಎಂಬ ಧೈರ್ಯ ಅದಕ್ಕೆ.

ರಾಕೆಟ್ಟು ಗೊತ್ತಿಲ್ಲದಿದ್ದರೇನು, ಬೆಂಕಿ ಗೊತ್ತಿತ್ತು.

“ಇಲ್ಲಿ ಬನ್ನಿ. ಈ ಗೆರೆಗಳನ್ನ ನೋಡಿ,” ಎಂದು ಅವರು ಟಾರ್ಚನ್ನು ಕವಚದ ಮೇಲೆ ಓರೆಯಾಗಿ ಹಿಡಿದರು.

ನೌಕೆಯ ಸುತ್ತ ಹರಿದ ಬೆಂಕಿ ತನ್ನ ದಾರಿಯನ್ನು ಗೆರೆ ಗೆರೆಯಾಗಿ ಬರೆದು ಹೋಗಿತ್ತು. ಕವಚದ ನಡುವಿನಿಂದ ಅಂಚಿನವರೆಗೆ, ಬಾಚಿದ ಕೂದಲಿನಷ್ಟು ನೇರವಾಗಿ. ಆದರೆ ಅರವತ್ತೊಂದನೇ ಸಾಲಿನ ಹತ್ತಿರ ಬರುತ್ತಿದ್ದಂತೆ ಗೆರೆಗಳೆಲ್ಲ ಒಟ್ಟಿಗೆ ಬಲಕ್ಕೆ ಸೊಟ್ಟಗಾಗಿದ್ದವು. ಗುಳಿಗೆ ಇನ್ನೂ ಎರಡು ಗೇಣು ಇರುವಾಗಲೇ ಬಾಗಲು ಶುರುವಾಗಿತ್ತು. ಅವು ಬಾಗಿದ ಜಾಗದ ಎಡಕ್ಕೆ ಅಂಗೈ ಅಗಲದ ಒಂದು ಮಾಸಲು ಪಟ್ಟಿ. ಸುತ್ತಲಿನ ಕಪ್ಪಿನ ನಡುವೆ ಅದೊಂದೇ ಅರ್ಧಂಬರ್ಧ ಬೆಂದ ಹಾಗೆ ಕಾಣುತ್ತಿತ್ತು.

“ಗೂಡು ಖಾಲಿ ಇದ್ದಿದ್ರೆ ಬೆಂಕಿ ನೆಟ್ಟಗೆ ಬಂದು ಆ ಗೂಡಿಗೆ ಬೀಳ್ತಿತ್ತು. ಇಲ್ಲಿ ಹಾಗಾಗಿಲ್ಲ. ಯಾವುದೋ ಒಂದು ಈ ಮಾಸಲು ಜಾಗದಿಂದ ಬೆಂಕೀನ ಪಕ್ಕಕ್ಕೆ ತಳ್ಳಿದೆ. ಎರಡು ಪಾಲು ಬೆಂಕಿ ಒಂದೇ ಕಡೆ ಸೇರ್ಕೊಂಡು ಗುಳಿ ತೋಡಿದೆ. ನಿಮ್ಮ ಗೂಡು ತುಂಬಿಯೇ ಇತ್ತು ಗೂಡಮ್ಮ. ಇದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ.”

ಇಷ್ಟು ಹೇಳಿ ಅವರು ಗೂಡಮ್ಮನ ಮುಖ ನೋಡಿದರು. ಸಂತೋಷ ಕಾಣಬಹುದೆಂದು ಎಣಿಸಿದ್ದರು.

ಗೂಡಮ್ಮ ಜೇಬಿನಿಂದ ಬಲಗೈ ತೆಗೆದು, ಮಾಸಲು ಪಟ್ಟಿಯ ಮೇಲೆ, ಸರಿಯಾಗಿ ಒಂದೇ ಒಂದು ಗೂಡಿನ ಮೇಲೆ ಹೆಬ್ಬೆರಳು ಇಟ್ಟರು. ಮರುಕ್ಷಣ ಸುಟ್ಟುಕೊಂಡವರಂತೆ ಎಳೆದುಕೊಂಡರು.

“ತಳ್ಳಿದ್ದು ಅಂದ್ರೆ... ಇಲ್ಲಿಂದಾನಾ?”

“ಇಲ್ಲಿಂದಲೇ.”

“ನನಗೆ ಸ್ವಲ್ಪ ಕೆಲಸ ಇದೆ,” ಎಂದು ಗೂಡಮ್ಮ ಹೊರಟೇಬಿಟ್ಟರು. ಏಪ್ರನ್ ಬಿಚ್ಚಿಡುವುದನ್ನೂ ಮರೆತಿದ್ದರು.

*

ರೇಡಿಯೋ ಕೋಣೆ ಎರಡನೇ ಮಹಡಿಯ ತುದಿಯಲ್ಲಿತ್ತು. ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿ, ನೆಲಕ್ಕೆ ರಬ್ಬರ್ ಹಾಸಿದ್ದರು. ಅಲ್ಲಿ ಸೀನಿದರೂ ಕ್ಷಮೆ ಕೇಳಬೇಕು.

ಆ ಕೋಣೆಯ ಒಡೆಯನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಗೂಡಮ್ಮನ ಮೈದುನ. ಅವರು ಮದುವೆಯಾಗಿ ಬಂದಾಗ ಇವನಿಗೆ ನಾಲ್ಕು ವರ್ಷ, ತಾಯಿ ಇರಲಿಲ್ಲ. ಅತ್ತಿಗೆ ತಾಯಿ ಸಮಾನ ಎಂಬುದು ಎಷ್ಟೋ ಮನೆಗಳಲ್ಲಿ ಬರೀ ಬಾಯಿಮಾತು. ಈ ಮನೆಯಲ್ಲಿ ಊಟ ಮಾಡಿಸಿದ್ದು, ಅಕ್ಷರ ತಿದ್ದಿಸಿದ್ದು, ಹಟ ಮಾಡಿದಾಗ ಕಿವಿ ಹಿಂಡಿದ್ದು ಎಲ್ಲ ಅವರೇ. ಅದೇ ಕಿವಿ ಈಗ ಆಕಾಶದಲ್ಲಿ ಎಲ್ಲೇ ಗುಸುಗುಸು ಎಂದರೂ ಹಿಡಿಯುತ್ತದೆ ಎಂದು ಗೂಡಮ್ಮ ಹೇಳಿಕೊಳ್ಳುತ್ತಿದ್ದರು.

“ನೌಕೆ ಇಳಿಯುವಾಗ ನಾಲ್ಕು ನಿಮಿಷ ಹತ್ತು ಸೆಕೆಂಡು ಏನೂ ಕೇಳಿಸಲ್ಲ ಅಂತ ಬರೆದಿದ್ದೀಯ. ಯಾಕೆ ಕೇಳಿಸಲ್ಲ? ಬೆಂಕಿ ಆರಿಸೋರಿಗೆ ಅರ್ಥ ಆಗೋ ಹಾಗೆ ಹೇಳಪ್ಪ,” ಎಂದರು ಬೂದಿ ಮೇಡಂ.

ಕೆಲಸದ ಮಾತು ಬಂದೊಡನೆ ಕಿವಿಯಣ್ಣನ ಕಣ್ಣು ಅರಳಿತು. “ನೌಕೆ ಬರೋ ವೇಗ ಹೇಗಿರುತ್ತೆ ಅಂದ್ರೆ ಮೇಡಂ, ಮುಂದಿರೋ ಗಾಳಿಗೆ ಪಕ್ಕಕ್ಕೆ ಸರಿಯೋಕೂ ಪುರುಸೊತ್ತು ಸಿಗಲ್ಲ. ಸಿಕ್ಕಿಹಾಕ್ಕೊಂಡು ಹಿಸುಕಿಹೋಗುತ್ತೆ, ಕಾಯುತ್ತೆ, ಕಾದು ಕಾದು ಕೊನೆಗೆ ಒಡೆದೇ ಹೋಗುತ್ತೆ. ಆಮೇಲೆ ಅದು ಮಾಮೂಲಿ ಗಾಳಿ ಅಲ್ಲ. ತಾಮ್ರದ ತಂತೀಲಿ ಹರಿಯೋ ಹಾಗೆ ಅದರಲ್ಲೂ ವಿದ್ಯುತ್ ಹರಿಯುತ್ತೆ. ಪ್ಲಾಸ್ಮಾ ಅಂತೀವಿ. ನೌಕೇನ ತಗಡಿನ ಡಬ್ಬದಲ್ಲಿ ಹಾಕಿ ಮುಚ್ಚಿದ ಹಾಗೆ. ರೇಡಿಯೋ ಒಳಗೂ ಹೋಗಲ್ಲ, ಹೊರಗೂ ಬರಲ್ಲ.”

“ಆಗ ನೀನೇನು ಮಾಡ್ತೀಯ?”

“ಕೇಳ್ತಾ ಕೂತಿರ್ತೀನಿ.”

“ಏನನ್ನ?”

“ಮೌನವನ್ನ,” ಎಂದು ಅವನು ಗಂಭೀರವಾಗಿಯೇ ಹೇಳಿದ. “ನಿದ್ದೆ ಮಾಡ್ತಿದ್ದ ಅಂತ ನಾಳೆ ಯಾರೂ ಹೇಳಬಾರದಲ್ಲ. ಅದಕ್ಕೆ ಒಂದೊಂದು ಸೆಕೆಂಡಿಗೂ ಪೆನ್ಸಿಲ್‌ನಲ್ಲಿ ಒಂದೊಂದು ಚುಕ್ಕಿ ಇಡ್ತೀನಿ. ಸಾಲಿಗೆ ಹತ್ತು. ನಮ್ಮ ಕೋಣೆಯ ಕಟ್ಟುನಿಟ್ಟು ಅದು. ಕೇಳಿದ ಹೊತ್ತಿಗೇ ಬರೀಬೇಕು. ಆಮೇಲೆ ಸೇರಿಸೋ ಹಾಗಿಲ್ಲ, ಅಳಿಸೋ ಹಾಗಿಲ್ಲ. ನನಗೆ ಕಲಿಸಿದ ಗುರುಗಳೂ ಹಾಗೇ ಮಾಡ್ತಿದ್ರು.”

“ಆ ಪುಸ್ತಕ ಕೊಡು.”

ಕಿವಿಯಣ್ಣ ಕೊಟ್ಟ.

ಬೂದಿ ಮೇಡಂ ಕನ್ನಡಕ ಏರಿಸಿಕೊಂಡು ಎಣಿಸಲು ಕೂತರು. ನಾಲ್ಕು ನಿಮಿಷ ಹತ್ತು ಸೆಕೆಂಡೆಂದರೆ ಇನ್ನೂರ ಐವತ್ತು ಚುಕ್ಕಿ, ಇಪ್ಪತ್ತೈದು ಸಾಲು. ಹದಿಮೂರು ಸಾಲುಗಳು ಮಣಿ ಪೋಣಿಸಿದ ಹಾಗೆ ಸರಿಯಾಗಿದ್ದವು. ಹದಿನಾಲ್ಕನೆಯದರಲ್ಲಿ ನಾಲ್ಕೇ ಚುಕ್ಕಿ. ಹದಿನೈದನೆಯದರಲ್ಲಿ ಐದೇ. ಮತ್ತೆ ಕೊನೆಯವರೆಗೂ ಹತ್ತು ಹತ್ತು.

ಸಮಿತಿಯವರು ಈ ಪುಟವನ್ನು ನೋಡಿದ್ದರು. ನೋಡಿದ್ದರು ಅಷ್ಟೆ, ಎಣಿಸಿರಲಿಲ್ಲ. ದೊಡ್ಡವರು ಚುಕ್ಕಿ ಎಣಿಸುತ್ತ ಕೂರುತ್ತಾರೆಯೇ?

“ಹನ್ನೊಂದು ಕಡಿಮೆ ಇದೆ,” ಎಂದರು ಬೂದಿ ಮೇಡಂ.

“ತೂಕಡಿಕೆ ಬಂದಿರಬೇಕು ಮೇಡಂ.”

“ನಿನಗಾ?”

ಅವನು ಪುಸ್ತಕಕ್ಕೆ ಕೈ ಚಾಚಿದ, ಅವರು ಕೊಡಲಿಲ್ಲ.

“ಹನ್ನೊಂದು ಚುಕ್ಕಿ ಇಟ್ಟುಬಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನಿನ್ನ ಕೈ ಬರ್ಲಿಲ್ಲ ಅಲ್ವಾ? ಮೌನ ಇಲ್ಲದ ಸೆಕೆಂಡಿಗೆ ಮೌನ ಅಂತ ಬರೆಯೋಕೆ ಮನಸ್ಸೊಪ್ಪಲಿಲ್ಲ. ನೀನು ಬಾಯಲ್ಲಿ ಸುಳ್ಳು ಹೇಳಬಲ್ಲೆ, ಪುಸ್ತಕದಲ್ಲಿ ಬರೆಯಲಾರೆ. ಏನು ಕೇಳಿಸ್ತು?”

ಕಿವಿಯಣ್ಣ ಬಾಗಿಲ ಕಡೆ ನೋಡಿದ. ಆಮೇಲೆ, ಒಂಬತ್ತು ದಿನ ಗಂಟಲಲ್ಲೇ ಹಿಡಿದಿಟ್ಟುಕೊಂಡದ್ದು ದಬಕ್ಕನೆ ಹೊರಬಂತು.

“ನೌಕೆ ಮಾತಾಡಿತು ಮೇಡಂ! ಆ ಬೆಂಕಿಯ ಒಳಗಿಂದ! ಯಾರೂ ಕೇಳದೇ ಇದ್ದದ್ದನ್ನ ನಾನು ಕೇಳ್ದೆ. ಬಿಸಿ ಎಷ್ಟು, ವೇಗ ಎಷ್ಟು, ಎಲ್ಲ ಸ್ಪಷ್ಟವಾಗಿ ಹನ್ನೊಂದು ಸೆಕೆಂಡು ಹೇಳಿತು. ನನ್ನ ಮೈಯೆಲ್ಲ ಜುಮ್ಮೆಂದಿತು. ಪೆನ್ಸಿಲ್ ಕೈಯಲ್ಲೇ ಉಳಿದುಹೋಯ್ತು.” ಅವನ ಕಣ್ಣಲ್ಲಿ ನೀರಿತ್ತು. ಅದು ಶುದ್ಧ ಹೆಮ್ಮೆಯ ನೀರು, ಮುಚ್ಚಿಡಲು ಅವನಿಗೆ ಬರುತ್ತಿರಲಿಲ್ಲ.

“ಯಾರಿಗೆ ಹೇಳಿದೆ?”

“ಅಯಸ್ಕಾಂತದ ಮೇಷ್ಟ್ರಿಗೆ. ಕೇಳಿಸ್ತಾ ಅಂದ್ರು, ಕೇಳಿಸ್ತು ಅಂದೆ. ಅಷ್ಟಕ್ಕೇ ತಬ್ಬಿಕೊಂಡು ಅತ್ತುಬಿಟ್ರು. ಎಷ್ಟು ಹೊತ್ತು ಅಂತಾನೂ ಕೇಳ್ಲಿಲ್ಲ. ಎರಡನೇ ನೌಕೆ ಹೋಗಿ ಬರೋವರೆಗೂ ಬಾಯಿ ಬಿಡಬೇಡ ಅಂದ್ರು.”

“ನಿನ್ನ ಅತ್ತಿಗೆ ಕೆಲಸ ಹೋಗ್ತಾ ಇದೆ. ಆಗಲಾದ್ರೂ ಬಾಯಿ ಬಿಡಬಾರದಿತ್ತಾ?”

“ಬಿಟ್ಟಿದ್ರೆ ಅತ್ತಿಗೇನೇ...” ಎಂದವನು ಅಲ್ಲಿಗೇ ನಿಲ್ಲಿಸಿದ. “ಅವರಿಗೆ ಮಾತ್ರ ಹೇಳ್ಬೇಡಿ ಮೇಡಂ. ಕೈ ಮುಗೀತೀನಿ.”

*

ಅಯಸ್ಕಾಂತದ ಮೇಷ್ಟ್ರು ಮೊದಲು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಈಗ ಹತ್ತೊಂಬತ್ತು ವರ್ಷಗಳಿಂದ, ಕವಚಗಳನ್ನು ಪರೀಕ್ಷಿಸುವ ಬಿಸಿಗಾಳಿ ಸುರಂಗದ ಪಕ್ಕದ ಕೋಣೆಯೇ ಅವರ ಸಂಸಾರ. ಮೇಜಿನ ಮೇಲೆ ತಂತಿ, ಕುರ್ಚಿಯ ಮೇಲೆ ತಂತಿ, ಕುಡಿದಿಟ್ಟ ಚಹಾ ಲೋಟದೊಳಗೂ ಒಂದು ತುಂಡು ತಂತಿ. ಗೋಡೆಯಾಚೆ ಸುರಂಗ ಗುಂಯ್ ಎನ್ನುತ್ತಿತ್ತು.

ಬೂದಿ ಮೇಡಂ ಹೋದಾಗ ಮೂರೂ ಮುಕ್ಕಾಲು. ಗದರಿಸಿದರೆ ಬಾಯಿ ಮುಚ್ಚಿಕೊಳ್ಳುವ ಜಾತಿ ಇದಲ್ಲ, ಹೊಗಳಿದರೆ ಬಾಯಿ ಬಿಡುವ ಜಾತಿ ಎಂದು ಅವರಿಗೆ ಕೋಣೆ ನೋಡಿಯೇ ಗೊತ್ತಾಗಿತ್ತು.

“ಮೇಷ್ಟ್ರೇ, ನಾನು ಇಷ್ಟು ವರ್ಷ ಬೆಂಕೀನ ನೀರಲ್ಲಿ ಆರಿಸಿದ್ದೀನಿ, ಮರಳಲ್ಲಿ ಆರಿಸಿದ್ದೀನಿ. ನೀವು ಅಯಸ್ಕಾಂತದಲ್ಲಿ ಪಕ್ಕಕ್ಕೆ ಸರಿಸ್ತೀರಂತೆ. ನಿಜವಾ?”

“ಯಾರು ಹೇಳಿದ್ರು?” ಎಂದರು ಮೇಷ್ಟ್ರು, ಅಷ್ಟರಲ್ಲೇ ಎದ್ದು ನಿಂತಿದ್ದರು. “ಬನ್ನಿ, ನೋಡೇ ಬಿಡಿ.”

ಮೂಲೆಯಲ್ಲಿ ಮೊಣಕೈ ಉದ್ದದ ಗಾಜಿನ ಕೊಳವೆ. ಗುಂಡಿ ಒತ್ತಿದೊಡನೆ ಅದರೊಳಗೆ ನೇರಳೆ ಬಣ್ಣದ ಎಳೆಯೊಂದು ಈ ತುದಿಯಿಂದ ಆ ತುದಿಗೆ ನೇರವಾಗಿ ಹರಿಯಿತು. ಮೇಷ್ಟ್ರು ಕೈಯಗಲದ ಅಯಸ್ಕಾಂತವನ್ನು ಹತ್ತಿರ ತಂದರು. ಎಳೆ ಮೆಲ್ಲಗೆ ಪಕ್ಕಕ್ಕೆ ಬಾಗಿತು. ಇನ್ನೂ ಹತ್ತಿರ ತಂದರು, ಗಾಜಿಗೆ ಒತ್ತಿಕೊಂಡಿತು.

“ಮಾಮೂಲಿ ಗಾಳಿ ಅಯಸ್ಕಾಂತಕ್ಕೆ ಸೊಪ್ಪು ಹಾಕಲ್ಲ. ವಿದ್ಯುತ್ ಹರಿಯೋ ಗಾಳಿ ಇದೆಯಲ್ಲ, ಅದು ಹೇಳಿದ ಮಾತು ಕೇಳುತ್ತೆ!” ಮೇಷ್ಟ್ರ ಮುಖ ಬೆಳಗಿತು. “ನೌಕೆ ಮೈಮೇಲೆ ಒಂದೇ ಒಂದು ಕಡೆ ಹೀಗೆ ಪ್ಲಾಸ್ಮಾನ ಸರಿಸಿದ್ರೆ ಕಿಟಕಿ ತೆರೆದ ಹಾಗೆ. ರೇಡಿಯೋ ಆ ಕಿಟಕಿಯಿಂದ ಆಚೆ ಬರುತ್ತೆ. ಇಳಿಯೋ ನಾಲ್ಕು ನಿಮಿಷ ಒಳಗಿರೋರು ಬದುಕಿದ್ದಾರಾ ಇಲ್ಲವಾ ಅಂತ ಇನ್ನು ಯಾರೂ ಉಸಿರು ಬಿಗಿ ಹಿಡಿದು ಕೂರಬೇಕಾಗಿಲ್ಲ.”

ಬೂದಿ ಮೇಡಂ ಚೀಲದಿಂದ ಒಂದು ತೆಳು ಕಾಗದ ತೆಗೆದು ಗಾಜಿನ ಕೊಳವೆಯ ಪಕ್ಕದಲ್ಲೇ ಬಿಡಿಸಿಟ್ಟರು. ಕವಚದ ಮೇಲಿಟ್ಟು ಗೆರೆ ಗೆರೆಯಾಗಿ ಇಳಿಸಿಕೊಂಡ ನಕಲು. ಕಾಗದದ ಗೆರೆಗಳು ಬಾಗಿದ್ದ ರೀತಿಗೂ ನೇರಳೆ ಎಳೆ ಬಾಗಿದ್ದ ರೀತಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

“ಕಿಟಕಿ ತೆರೆದಿದ್ದೀರಿ. ಕಿಟಕಿಯಿಂದ ತಳ್ಳಿದ ಬೆಂಕಿ ಎಲ್ಲಿ ಹೋಗಿ ಬಿತ್ತು ಅಂತ ನೋಡಿದ್ರಾ?”

ಮೇಷ್ಟ್ರು ಅಯಸ್ಕಾಂತವನ್ನು ಮೇಜಿನ ಮೇಲಿಟ್ಟರು. ಕಾಗದದ ಗೆರೆಗಳ ಮೇಲೆ ಬೆರಳು ಆಡಿಸಿದರು. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರಲ್ಲ, ಆದರೆ ಈ ಮನುಷ್ಯ ನೆವ ಹುಡುಕಲಿಲ್ಲ.

“ಸಮಿತಿ ನನ್ನ ಕಾಯಿಲನ್ನ, ಅಂದ್ರೆ ತಂತಿ ಸುತ್ತಿದ ವಿದ್ಯುತ್ ಅಯಸ್ಕಾಂತಾನ, ಪಟ್ಟಿಯಿಂದ ಹೊಡೆದುಹಾಕಿತು. ತೂಕ ಜಾಸ್ತಿ ಅಂದ್ರು. ಹತ್ತೊಂಬತ್ತು ವರ್ಷದ ಕೆಲಸ ಮೇಡಂ! ಯಾರಿಗೂ ಹೇಳದೆ ಆಂಟೆನಾ ಹಿಂದೆ ಕೂರಿಸ್ದೆ. ಹೌದು, ಕೂರಿಸ್ದೆ. ಆದ್ರೆ ಗುಳಿ ನನ್ನದಲ್ಲ.”

“ಗುಳಿ ಗೂಡಮ್ಮಂದಾ?”

“ನನ್ನ ಕಾಯಿಲ್ ಉರಿಯೋದು ಐದೇ ಸೆಕೆಂಡು. ತಾನೇ ಆರಿಹೋಗುತ್ತೆ. ಐದು ಸೆಕೆಂಡಿಗೆ ಕವಚ ಕೆಂಪಗಾಗಬಹುದು, ಗುಳಿ ಬೀಳಲ್ಲ. ನೂರು ಸಲ ಲೆಕ್ಕ ಮಾಡಿದ್ದೀನಿ. ಅದಕ್ಕೇ ಗೂಡು ಖಾಲಿ ಇತ್ತು ಅಂದಾಗ ನಾನೂ ನಂಬಿಬಿಟ್ಟೆ.”

“ನೌಕೆ ಮಾತಾಡಿದ್ದು ಹನ್ನೊಂದು ಸೆಕೆಂಡು.”

“ಐದು.”

“ಹನ್ನೊಂದು. ಚುಕ್ಕಿ ಎಣಿಸಿ ಬಂದಿದ್ದೀನಿ.”

ಮೇಷ್ಟ್ರು ಬೆರಳಲ್ಲಿ ಏನೇನೋ ಲೆಕ್ಕ ಹಾಕಿದರು. “ಹನ್ನೊಂದಾದ್ರೆ... ಅಯ್ಯೋ, ಹನ್ನೊಂದಾದ್ರೆ ಗುಳಿ ಬಿದ್ದೇ ಬೀಳುತ್ತೆ. ಆದ್ರೆ ನನ್ನ ಕಾಯಿಲ್‌ಗೆ ಅಷ್ಟು ಹೊತ್ತು ಉರಿಯೋ ಶಕ್ತಿಯೇ ಇಲ್ಲ!”

“ಮುಂದಿನ ನೌಕೇಲೂ ಕೂರಿಸಿದ್ದೀರಾ?”

“ಕೂರಿಸಿದ್ದೀನಿ.”

ಸುರಂಗದ ಗುಂಯ್‌ಗುಡುವಿಕೆ ಒಮ್ಮೆಗೇ ಜೋರಾದಂತೆ ಬೂದಿ ಮೇಡಂಗೆ ಅನ್ನಿಸಿತು.

“ಇನ್ನೊಂದು ಮಾತು. ಅದನ್ನ ಆನ್ ಮಾಡಿದ್ದು ಯಾರು? ಇಲ್ಲಿಂದ ರೇಡಿಯೋ ಹೋಗಲ್ವಲ್ಲ.”

“ಶಾಖವೇ ಆನ್ ಮಾಡುತ್ತೆ. ಒಂದು ಗೂಡಿನೊಳಗೆ ಕೂದಲಿನಂಥ ತಂತಿ ಇರುತ್ತೆ. ಬೆಂಕಿ ಅಲ್ಲಿಗೆ ಮುಟ್ಟಿದಾಗ ಕಾಯಿಲ್ ಎಚ್ಚರ ಆಗುತ್ತೆ.”

“ತುಂಬಿದ ಗೂಡು ತೋಡಿ, ತಂತಿ ಇಟ್ಟು, ಮತ್ತೆ ತುಂಬಿದ್ದು ಯಾರು? ನೀವಾ?”

ಮೇಷ್ಟ್ರು ತಮ್ಮ ನಡುಗುವ ಕೈಗಳನ್ನು ಎತ್ತಿ ತೋರಿಸಿದರು. “ಈ ಕೈಯಲ್ಲಾಗುತ್ತಾ? ತಟ್ಟಿದ್ರೆ ಟೊಳ್ಳು ಸದ್ದು ಬರಬಾರದು. ಕವಚ ನೋಡೋರಿಗೆ ಗೊತ್ತಾಗಬಾರದು. ಅಂಥಾ ಕೈ ಇಲ್ಲಿ ಒಂದೇ ಇರೋದು. ನಾನು ಕೇಳಿದ್ರೆ ಬೈದು ಕಳಿಸ್ತಿದ್ರು. ಅದಕ್ಕೆ ಅವರ ಮೈದುನನ ಕೈಲಿ ಕೇಳಿಸ್ದೆ. ನೌಕೆ ದನಿ ಕೇಳೋಕೆ ಒಂದು ತಂತಿ ಅಂತ ಅವನು ಹೇಳಿದ್ದಾನೆ. ಅಷ್ಟೇ ಅವರಿಗೆ ಗೊತ್ತು.”

ಮಾಸಲು ಪಟ್ಟಿಯ ಮೇಲೆ ಹೆಬ್ಬೆರಳು ಇಟ್ಟು ಎಳೆದುಕೊಂಡದ್ದು ಈಗ ಅರ್ಥವಾಯಿತು. ಬೂದಿ ಮೇಡಂ ಮಧ್ಯಾಹ್ನ ಗೂಡಮ್ಮನಿಗೆ ಧೈರ್ಯ ಹೇಳಿದ್ದೇನೆ ಎಂದುಕೊಂಡಿದ್ದರು. ಹೇಳಿದ್ದು ಬೇರೆಯೇ ಆಗಿತ್ತು. ಮಗನಂತೆ ಸಾಕಿದವನು ಬೇಡಿಕೊಂಡನೆಂದು ಇಟ್ಟ ತಂತಿಯೇ ಕವಚ ತಿಂದಿದೆ ಎಂದು ಹೇಳಿದ್ದರು.

ಗಂಟೆ ನಾಲ್ಕೂ ಮೂವತ್ತೈದು. ಅವರು ಮೇಷ್ಟ್ರ ತೋಳು ಹಿಡಿದು ಎಬ್ಬಿಸಿಕೊಂಡೇ ಹೊರಟರು.

*

ಸಮಿತಿಯ ಕೋಣೆಯ ಬಾಗಿಲು ತೆರೆದೇ ಇತ್ತು. ಉದ್ದನೆಯ ಮೇಜು, ಎರಡೂ ಬದಿಗೆ ಸೇರಿ ಐವರು, ತಲೆಯ ಕಡೆ ಅಧ್ಯಕ್ಷರು. ಎದುರು ತುದಿಯಲ್ಲಿ ಏಪ್ರನ್ ತೊಟ್ಟುಕೊಂಡೇ ಗೂಡಮ್ಮ ಕೂತಿದ್ದರು.

“ಬನ್ನಿ ಮೇಡಂ. ನಿಮಗೆ ಇನ್ನು ತೊಂದರೆ ಇಲ್ಲ,” ಎಂದರು ಅಧ್ಯಕ್ಷರು. ಅಚ್ಚುಕಟ್ಟಾದ ಮನುಷ್ಯ. ಮೂವತ್ತೆರಡು ನೌಕೆಗಳನ್ನು ಕಳಿಸಿ ಇಳಿಸಿಕೊಂಡವರು, ಒಂದನ್ನೂ ಕಳೆದುಕೊಂಡವರಲ್ಲ. “ಇವರೇ ಬಂದು ಬರೆದುಕೊಟ್ಟಿದ್ದಾರೆ.”

ಅವರು ಕಾಗದ ಎತ್ತಿ ಓದಿದರು. “ಅರವತ್ತೊಂದನೇ ಸಾಲಿನ ಗೂಡನ್ನು ನಾನೇ ತುಂಬದೆ ಬಿಟ್ಟೆ. ನನ್ನ ಕೈಯಲ್ಲಿ ತುಂಬಿದ ಯಾವ ಕವಚವನ್ನೂ ನಂಬಬಾರದು. ಮುಂದಿನ ನೌಕೆಯದನ್ನೂ ನಂಬಬಾರದು.”

ಮಧ್ಯಾಹ್ನ ಖಾಲಿ ಎಂಬ ಒಂದು ಮಾತಿಗೆ ಕುತ್ತಿಗೆ ನೆಟ್ಟಗೆ ಮಾಡಿದ ಹೆಂಗಸು ಇದನ್ನು ಬರೆದಿದ್ದರು. ಮುಂದಿನ ನೌಕೆ ಏಳಬಾರದು, ಮೈದುನನ ಹೆಸರೂ ಬರಬಾರದು. ಎರಡಕ್ಕೂ ಸೇರಿ ಗೂಡಮ್ಮನ ಬಳಿ ಇದ್ದದ್ದು ಒಂದೇ ಆಸ್ತಿ, ಇಪ್ಪತ್ತಾರು ವರ್ಷದ ಹೆಸರು. ಅದನ್ನು ತಂದು ಮೇಜಿನ ಮೇಲೆ ಇಟ್ಟುಬಿಟ್ಟಿದ್ದರು. ಬೂದಿ ಮೇಡಂ ಇಡೀ ಜೀವಮಾನದಲ್ಲಿ ತಪ್ಪೊಪ್ಪಿಗೆಗಳನ್ನು ರಾಶಿ ರಾಶಿ ನೋಡಿದ್ದರು. ಇಷ್ಟು ಹೆಮ್ಮೆಯ ತಪ್ಪೊಪ್ಪಿಗೆಯನ್ನು ನೋಡಿರಲಿಲ್ಲ.

ಅಧ್ಯಕ್ಷರು ಪೆನ್ನು ತೆಗೆದು ಗೂಡಮ್ಮನ ಸಹಿಯ ಕೆಳಗೆ ತಮ್ಮದನ್ನು ಹಾಕಿದರು. ದೊಡ್ಡ ಸಹಿ, ಕೊನೆಯಲ್ಲಿ ಹಿಂದಕ್ಕೆ ಸುತ್ತಿ ಅಡಿಗೆರೆ ಎಳೆದದ್ದು. ಶಾಯಿ ಆರಲೆಂದು ಕಾಗದವನ್ನು ಮೇಜಿನ ನಡುವೆ ಬಿಟ್ಟರು.

“ಗೂಡಮ್ಮ, ಬೇಜಾರು ಮಾಡ್ಕೋಬೇಡಿ. ಮುಂದಿನ ಕವಚದ ಚಿಂತೆ ನಿಮಗೆ ಬೇಡ. ಅದನ್ನ ನಿನ್ನೆಯೇ ಇಬ್ಬರ ಕೈಲಿ ಮತ್ತೆ ತಟ್ಟಿಸಿದ್ದೀವಿ. ನಲವತ್ತೆರಡು ಸಾವಿರದಲ್ಲಿ ಒಂದೂ ಟೊಳ್ಳಿಲ್ಲ. ಹಾರಾಟ ನಾಡಿದ್ದೇ.”

“ನಿಲ್ಲಿಸಲ್ವಾ?” ಎಂದರು ಗೂಡಮ್ಮ.

“ಯಾಕೆ ನಿಲ್ಲಿಸಬೇಕು? ನೀವು ಅದನ್ನ ಬಹಳ ಚೆನ್ನಾಗಿ ತುಂಬಿದ್ದೀರಿ.”

ಕೊನೆಗೆ ಅವರ ಒಳ್ಳೆಯ ಕೆಲಸವೇ ಅವರಿಗೆ ಅಡ್ಡ ಬಂದಿತ್ತು. ಬೂದಿ ಮೇಡಂ ಮುಂದೆ ಬಂದು, “ಸರ್, ನನ್ನ ವರದಿ ಕೇಳಿ, ಆ ನೌಕೇಲಿ...” ಎಂದು ಶುರು ಮಾಡಿದರು.

ಗೂಡಮ್ಮ ಅಂಗೈ ಎತ್ತಿ ತಡೆದರು. ಬಾಗಿಲಲ್ಲಿ ಮೇಷ್ಟ್ರ ಹಿಂದೆ ಓಡಿ ಬಂದು ನಿಂತಿದ್ದ ಕಿವಿಯಣ್ಣನನ್ನು ಒಂದು ಸಲ ನೋಡಿದರು. ಚಿಕ್ಕವನಿದ್ದಾಗ ಅವನು ಏನಾದರೂ ಒಡೆದರೆ ನೋಡುತ್ತಿದ್ದ ಅದೇ ನೋಟ. ಆಮೇಲೆ ಎದ್ದು ನಿಂತರು.

“ನಾನೇ ಹೇಳ್ತೀನಿ ಮೇಡಂ. ಕೆಲಸ ನಂದು, ಮಾತೂ ನಂದೇ ಆಗ್ಲಿ.” ಮೇಜಿನ ನಡುವಿನ ಕಾಗದದ ಮೇಲೆ ಕೈ ಊರಿದರು. “ಸರ್, ಇದರಲ್ಲಿರೋದು ಸುಳ್ಳು. ನಾನು ಒಂದು ಗೂಡನ್ನೂ ಖಾಲಿ ಬಿಟ್ಟೋಳಲ್ಲ, ಮುಂದೇನೂ ಬಿಡೋಳಲ್ಲ. ತುಂಬಿದ ಒಂದು ಗೂಡನ್ನ ತೋಡಿ ತಂತಿ ಇಟ್ಟು ಮತ್ತೆ ತುಂಬಿದೋಳು ನಾನು. ಎರಡೂ ಕವಚದಲ್ಲಿ ಇಟ್ಟಿದ್ದೀನಿ. ಯಾರು ಕೇಳಿದ್ರು ಅಂತ ಆಮೇಲೆ ಹೇಳ್ತೀನಿ, ಶಿಕ್ಷೆ ನನಗೇ ಕೊಡಿ. ಮೊದಲು ಆ ನೌಕೆ ನಿಲ್ಲಿಸಿ.”

ಕೋಣೆಯಲ್ಲಿ ಗುಜುಗುಜು ಎದ್ದಿತು. ಕಿವಿಯಣ್ಣ, “ಅತ್ತಿಗೆ, ಬೇಡ,” ಎಂದ. ಅವರು ತಿರುಗಲಿಲ್ಲ.

“ಒಂದು ತಂತಿಗೆ ಐದೇ ಸೆಕೆಂಡು ಗೂಡಮ್ಮ,” ಎಂದು ಮೇಷ್ಟ್ರು ಅಳುಬುರುಕ ದನಿಯಲ್ಲಿ ಕೂಗಿದರು. “ಹನ್ನೊಂದು ಹೇಗಾಯ್ತು? ನನಗೆ ಅದೊಂದು ಹೇಳಿ!”

“ಒಂದು ತಂತಿ ಅಂತ ಯಾರು ಹೇಳಿದ್ರು ಮೇಷ್ಟ್ರೇ?”

ಗೂಡಮ್ಮ ಮೇಷ್ಟ್ರ ಕಡೆ ತಿರುಗಿದರು.

“ನಿಮ್ಮ ತಂತಿ ಇಟ್ಟ ಮೂರನೇ ದಿನ ಇನ್ನೊಂದು ಬಂತು. ಇದಕ್ಕಿಂತ ದಪ್ಪ, ನೌಕೆಯ ಬ್ಯಾಟರಿಯಿಂದ ಎಳೆದದ್ದು. ಅದೇ ಗೂಡಲ್ಲಿ ಇಡಬೇಕು, ಯಾರಿಗೂ ಹೇಳಬಾರದು ಅಂತ ಚೀಟಿ. ಕಚೇರಿ ಮೊಹರೆಲ್ಲ ಸರಿಯಾಗಿತ್ತು. ದೊಡ್ಡವರಿಗೂ ಗೊತ್ತಿದೆ ಅಂದ್ರೆ ತಪ್ಪೇನಿಲ್ಲ ಅಂದ್ಕೊಂಡು ಇಟ್ಟೆ. ನನ್ನ ಕವಚ ತೋಡೋಕೆ ಬರೋ ಚೀಟಿ ಒಂದನ್ನೂ ನಾನು ಎಸೆಯೋಳಲ್ಲ. ಫೈಲಲ್ಲಿದೆ.” ಗೂಡಮ್ಮ ಕೈ ಕೆಳಗಿದ್ದ ಕಾಗದವನ್ನು ತಿರುಗಿಸಿ, ಮೇಜಿನ ಉದ್ದಕ್ಕೂ ಅಧ್ಯಕ್ಷರ ಕಡೆಗೆ ಸರಿಸಿದರು. “ಆ ಚೀಟೀಲಿರೋ ಸಹಿ ನೋಡಬೇಕು ಅಂದ್ರೆ ಫೈಲ್ ತರೋದೂ ಬೇಕಾಗಿಲ್ಲ ಸರ್. ಈಗ ತಾನೇ ನನ್ನ ಸಹಿ ಕೆಳಗೆ ಬಿತ್ತಲ್ಲ, ಇದೇ.”

ಐದು ತಲೆಗಳು ಒಟ್ಟಿಗೆ ತಿರುಗಿದವು. ಅಧ್ಯಕ್ಷರು ಕಾಗದದ ಕಡೆ ನೋಡಲೂ ಇಲ್ಲ. ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. ದನಿ ಮೊದಲಿನಷ್ಟೇ ಅಚ್ಚುಕಟ್ಟಾಗಿತ್ತು.

“ಬಾಗಿಲು ಹಾಕಿ,” ಎಂದರು. “ನಾನು ಹೇಳೋವರೆಗೂ ಯಾರೂ ಹೊರಗೆ ಹೋಗೋ ಹಾಗಿಲ್ಲ.”